ವೀಸಾ ಕಿಟಕಿಯಲ್ಲಿ ಅಡಿಕೆ ಲೆಕ್ಕ

ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಆದರೆ ವೀಸಾ ಸೇವೆ ಅದರ ಜೊತೆಗೇ ಶುರುವಾಗಲಿಲ್ಲ. ಅಮೆರಿಕದಲ್ಲಿ ಎಂ.ಎಸ್. ಮಾಡಲು ಹೊರಟ ನಮ್ಮ ಮಕ್ಕಳು ಎಫ್-1 ವೀಸಾ ಸಂದರ್ಶನಕ್ಕೆ ಚೆನ್ನೈಗೋ ಹೈದರಾಬಾದಿಗೋ ಹೋಗುತ್ತ ಬಂದಿದ್ದಾರೆ. ಅಷ್ಟರಲ್ಲಾಗಲೇ ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಸೆವಿಸ್ ವ್ಯವಸ್ಥೆಯ ಶುಲ್ಕವೆಂದು 350 ಡಾಲರ್, ಅರ್ಜಿಗೆಂದು 185 ಡಾಲರ್ ಕಟ್ಟಿ ಆಗಿರುತ್ತದೆ. ಕಿಟಕಿಯ ಮುಂದೆ ಸಿಗುವುದು ಎರಡು–ಮೂರು ನಿಮಿಷ.

ಆ ನಿಮಿಷಗಳ ಮೇಲೆ ಒಂದು ಕಾನೂನಿನ ಭಾರವಿದೆ. ಅಮೆರಿಕದ ವಲಸೆ ಕಾಯ್ದೆಯ 214(ಬಿ) ಕಲಮಿನ ಪ್ರಕಾರ, ಬಂದವರು ಅಲ್ಲೇ ನೆಲೆಸಲು ಹೊರಟವರೆಂದೇ ಅಧಿಕಾರಿ ಭಾವಿಸಬೇಕು. ಹಾಗಲ್ಲ, ಓದಲು ಹೊರಟಿದ್ದೇನೆ ಎಂದು ಮನವರಿಕೆ ಮಾಡಿಕೊಡುವ ಹೊಣೆ ವಿದ್ಯಾರ್ಥಿಯದು. ಈ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡ ಕೆಲವು ಕನ್ಸಲ್ಟೆನ್ಸಿಗಳು ಉತ್ತರಗಳನ್ನು ಬಾಯಿಪಾಠ ಮಾಡಿಸುತ್ತವೆ. ನನಗೆ ಸಂಕಟವಾಗುವುದು ಅದರಲ್ಲಿ ಒಂದು ಉತ್ತರದ ಬಗ್ಗೆ: ಅಪ್ಪ ಕೃಷಿಕ ಎನ್ನಬೇಡ, ಬಿಸಿನೆಸ್ ಅನ್ನು.

ಸಾಗರ, ಸಿರ್ಸಿ ಕಡೆಯ ಅಡಿಕೆ ಬೆಳೆಗಾರರ ಮನೆಯ ಮಗನಿಗೆ ಈ ಸಲಹೆ ಕೊಟ್ಟರೆ ಏನಾಗುತ್ತದೆ? ‘ಯಾವ ಬಿಸಿನೆಸ್?’ ಎಂಬ ಮರುಪ್ರಶ್ನೆಗೇ ಅವನು ತಡವರಿಸುತ್ತಾನೆ. ಅದೇ ಹುಡುಗನಿಗೆ ಕೊನೆ ಕೊಯ್ಲು ಎಂದು ಮುಗಿಯುತ್ತದೆ, ರಾಶಿ ಅಡಿಕೆಯನ್ನು ಯಾವಾಗ ಮಂಡಿಗೆ ಹಾಕುತ್ತಾರೆ, ದರ ಬಿದ್ದಾಗ ಅಪ್ಪ ಎಷ್ಟು ಕ್ವಿಂಟಾಲ್ ತಡೆದು ಇಟ್ಟುಕೊಳ್ಳುತ್ತಾರೆ ಎಂಬುದೆಲ್ಲ ಅಂಗೈ ಮೇಲಿನ ಗೆರೆಯಷ್ಟು ಗೊತ್ತು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ್ದರಿಂದ ಎಷ್ಟೋ ಮನೆಗಳಲ್ಲಿ ರಿಟರ್ನ್ಸ್ ಇರುವುದಿಲ್ಲ, ನಿಜ. ಆದರೆ ಪಹಣಿ ಇದೆ, ಮಂಡಿಯ ಪಟ್ಟಿಗಳಿವೆ, ಆ ಹಣ ಜಮೆಯಾದ ಪಾಸ್‌ಬುಕ್ ಇದೆ. ಮೂರನ್ನೂ ಜೋಡಿಸಿಟ್ಟುಕೊಂಡರೆ ಅಪ್ಪನ ಆದಾಯ ತಾನಾಗಿ ಕಾಣುತ್ತದೆ.

ಸಾಲದ್ದು ಇನ್ನೊಂದು ಕಥೆ. ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅವಕಾಶ ಕೊಡುವ ಸರ್ಫೇಸಿ ಕಾಯ್ದೆ ಕೃಷಿಭೂಮಿಗೆ ಅನ್ವಯಿಸದ ಕಾರಣ ಶಿಕ್ಷಣ ಸಾಲಕ್ಕೆ ತೋಟವನ್ನು ಅಡವಿಟ್ಟುಕೊಳ್ಳಲು ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ. ಆಗ ಪೇಟೆಯಲ್ಲಿರುವ ದೊಡ್ಡಪ್ಪನ ಮನೆ ಪತ್ರ ಹೊರಬರುತ್ತದೆ. ಇದನ್ನು ಮುಚ್ಚಿಡಬೇಕಾದ ಕಾರಣವೇ ಇಲ್ಲ. ಐ-20 ಪತ್ರದಲ್ಲಿ ವಿಶ್ವವಿದ್ಯಾಲಯ ಒಂದು ವರ್ಷದ ಖರ್ಚನ್ನು ನಮೂದಿಸಿರುತ್ತದೆ. ಅದರಲ್ಲಿ ಸಾಲ ಎಷ್ಟು, ಅಪ್ಪನದೆಷ್ಟು, ದೊಡ್ಡಪ್ಪ ಯಾಕೆ ಜಾಮೀನು ನಿಂತರು ಎಂದು ಎರಡು ವಾಕ್ಯದಲ್ಲಿ ಹೇಳಲು ಬಂದರೆ ಸಾಕು. ಅಧಿಕಾರಿ ಫೈಲನ್ನು ಕೇಳದೆಯೇ ಮಾತು ಮುಗಿಸುವುದೂ ಉಂಟು, ಹಾಗಾಗಿ ಲೆಕ್ಕ ಕಾಗದದಲ್ಲಿದ್ದರೆ ಸಾಲದು, ತಲೆಯಲ್ಲೂ ಇರಬೇಕು.

ವೀಸಾ ಸಿಗದೆ ಹೋದರೆ ಮೇಲ್ಮನವಿ ಇಲ್ಲ. ಕಟ್ಟಿದ ಶುಲ್ಕವೂ ವಾಪಸ್ಸಿಲ್ಲ. ಮತ್ತೆ ಅರ್ಜಿ ಹಾಕಬಹುದು, ಆದರೆ ಹಿಂದಿನ ಸಲ ವೀಸಾ ಅರ್ಜಿ ಡಿಎಸ್-160ರಲ್ಲಿ ತುಂಬಿದ್ದು, ಕಿಟಕಿಯಲ್ಲಿ ಹೇಳಿದ್ದು ದಾಖಲೆಯಲ್ಲಿ ಉಳಿದಿರುತ್ತದೆ. ಆಗ ‘ಬಿಸಿನೆಸ್’ ಎಂದಿದ್ದ ಹುಡುಗ ಈಗ ‘ಅಡಿಕೆ ತೋಟ’ ಎಂದರೆ, ಓದಿನ ಮಾತು ಶುರುವಾಗುವ ಮೊದಲು ಆ ವ್ಯತ್ಯಾಸಕ್ಕೆ ಉತ್ತರ ಕೊಡಬೇಕಾಗುತ್ತದೆ.