ಗೆದ್ದು ಸೋತ ಆಟಗಾರ

ಕ್ರೀಡಾರಂಗದ ಇತಿಹಾಸದಲ್ಲಿ ಹೆಸರು ಉಳಿಸಿಕೊಂಡವರೆಲ್ಲರೂ ಅಪ್ರತಿಮ ಆಟಗಾರರೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಪೆಲೆಯ ಹೆಸರು ಕೇಳಿದೊಡನೆ ಆತನ ಕಾಲ್ಚಳಕವು ಕಣ್ಣ ಮುಂದೆ ಸುಳಿಯುತ್ತದೆ. ಬೆಲ್ಜಿಯಂ ದೇಶದ ಜಾನ್-ಮಾರ್ಕ್ ಬಾಸ್ಮನ್ ಹೊಡೆದ ಒಂದು ಗೋಲನ್ನಾದರೂ ನೆನಪಿನಲ್ಲಿ ಇಟ್ಟುಕೊಂಡವರು ವಿರಳ. ಆದರೂ ಯೂರೋಪಿನಲ್ಲಿ ಕಾಲ್ಚೆಂಡಾಟವನ್ನೇ ನಂಬಿ ಬದುಕುವ ಪ್ರತಿಯೊಬ್ಬನೂ ಆತನಿಗೆ ಋಣಿಯಾಗಿದ್ದಾನೆ.

ಬಾಸ್ಮನ್ ಹುಟ್ಟಿದುದು ೧೯೬೪ರ ಅಕ್ಟೋಬರ್ ೩೦ರಂದು, ಕಲ್ಲಿದ್ದಲು ಮತ್ತು ಉಕ್ಕಿನ ದುಡಿಮೆಯಿಂದ ಬೆಳೆದ ಲಿಯೇಜ್ ನಗರದಲ್ಲಿ. ಆ ಊರಿನ ಹೆಸರಾಂತ ಕ್ಲಬ್ಬಾದ ಸ್ಟ್ಯಾಂಡರ್ಡ್ ಲಿಯೇಜ್‌ನಲ್ಲಿ ಆಟ ಕಲಿತು, ದೇಶದ ಕಿರಿಯರ ತಂಡದಲ್ಲಿಯೂ ಆಡಿ, ವೃತ್ತಿಪರ ಆಟಗಾರನಾದನು. ಆತನ ಸ್ಥಾನ ಮಧ್ಯಪಂಕ್ತಿ. ಹಿಂದಿನ ರಕ್ಷಕರಿಂದ ಚೆಂಡನ್ನು ಪಡೆದು ಮುಂದಿನವರಿಗೆ ಮುಟ್ಟಿಸುವುದು, ಎದುರಾಳಿಗಳು ನುಗ್ಗಿದಾಗ ಓಡಿಬಂದು ಅಡ್ಡನಿಲ್ಲುವುದು ಅಲ್ಲಿಯ ಕೆಲಸ. ಗೋಲು ಹೊಡೆದ ಕೀರ್ತಿ ಒಬ್ಬನದು, ತಡೆದ ಕೀರ್ತಿ ಇನ್ನೊಬ್ಬನದು. ನಡುವೆ ಬೆವರು ಸುರಿಸಿದವನನ್ನು ಜನ ಗಮನಿಸುವುದು ಕಡಮೆ. ೧೯೮೮ರಲ್ಲಿ ಬಾಸ್ಮನ್ ಅದೇ ನಗರದ ಮತ್ತೊಂದು ಕ್ಲಬ್ಬಾದ ಆರ್.ಎಫ್.ಸಿ. ಲಿಯೇಜ್ ಸೇರಿದನು. ಬಹುಮಾನಗಳೂ ಸೇರಿ ತಿಂಗಳಿಗೆ ಸರಾಸರಿ ೧,೨೦,೦೦೦ ಬೆಲ್ಜಿಯನ್ ಫ್ರಾಂಕುಗಳ ವರಮಾನ. ಕರಾರಿನ ಅವಧಿ ೧೯೯೦ರ ಜೂನ್ ೩೦ರವರೆಗೆ.

ಅವಧಿ ಮುಗಿಯುವ ಮೊದಲೇ, ಏಪ್ರಿಲ್ ತಿಂಗಳಲ್ಲಿ, ಕ್ಲಬ್ಬು ಹೊಸ ಕರಾರನ್ನು ಮುಂದಿಟ್ಟಿತು. ಅದರಲ್ಲಿ ಕಾಣಿಸಿದ ಸಂಬಳ ೩೦,೦೦೦ ಫ್ರಾಂಕು. ಅಂದರೆ ಮೊದಲಿನ ಕಾಲುಭಾಗ! ಆತನು ಸಹಿ ಹಾಕಲಿಲ್ಲ. ಕ್ಲಬ್ಬು ಆತನನ್ನು ವರ್ಗಾವಣೆಯ ಪಟ್ಟಿಗೆ ಸೇರಿಸಿತು. ಆತನನ್ನು ಬಯಸುವ ಕ್ಲಬ್ಬು ‘ತರಬೇತಿಯ ಪರಿಹಾರ’ವೆಂದು ತೆರಬೇಕಾದ ಮೊತ್ತ ೧,೧೭,೪೩,೦೦೦ ಫ್ರಾಂಕುಗಳೆಂದು ನಿಗದಿಯಾಯಿತು. ಸಂಬಳ ಕೊಡುವಾಗ ಕಾಲುಭಾಗದ ಬೆಲೆ. ಮಾರುವಾಗ ಕೋಟಿಯ ಬೆಲೆ!

ಈ ಪದ್ಧತಿ ಎಂತಹುದೆಂಬುದನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. ಗುಮಾಸ್ತನೊಬ್ಬನ ಸೇವಾವಧಿ ಮುಗಿದಿದೆ; ಆತನಿಗೆ ಬೇರೆ ಕಚೇರಿಯಲ್ಲಿ ಕೆಲಸವೂ ಸಿಕ್ಕಿದೆ. ಆದರೆ ಹಳೆಯ ಯಜಮಾನನು, “ಇವನಿಗೆ ಕೆಲಸ ಕಲಿಸಿದವನು ನಾನು, ನನಗೆ ಹಣ ಕೊಟ್ಟಲ್ಲದೆ ಇವನನ್ನು ಬಿಡೆನು” ಎಂದು ಬಾಗಿಲಿಗೆ ಅಡ್ಡ ನಿಂತರೆ ಹೇಗೆ? ಕಚೇರಿಯಲ್ಲಿ ನಗೆಪಾಟಲಾಗುವ ಈ ಮಾತು ಯೂರೋಪಿನ ಹಲವು ದೇಶಗಳ ಕಾಲ್ಚೆಂಡಾಟದಲ್ಲಿ ಶಿಷ್ಟಾಚಾರವಾಗಿತ್ತು.

ಬಾಸ್ಮನ್ ತಾನೇ ಹುಡುಕಿಕೊಂಡು ಹೋಗಿ ಫ್ರಾನ್ಸಿನ ಎರಡನೆಯ ದರ್ಜೆಯ ಡಂಕರ್ಕ್ ಕ್ಲಬ್ಬಿನೊಡನೆ ಒಪ್ಪಂದ ಮಾಡಿಕೊಂಡನು. ಒಂದು ವರ್ಷದ ಮಟ್ಟಿಗೆ ೧೨,೦೦,೦೦೦ ಫ್ರಾಂಕು ಕೊಡಲು ಆ ಕ್ಲಬ್ಬು ಒಪ್ಪಿತು. ಆದರೆ ಡಂಕರ್ಕ್ ಹಣ ಕೊಡಬಲ್ಲುದೇ ಎಂಬ ಸಂದೇಹದಿಂದ ಲಿಯೇಜ್ ಕ್ಲಬ್ಬು ವರ್ಗಾವಣೆಯ ಪತ್ರವನ್ನೇ ತರಿಸಲಿಲ್ಲ. ಒಪ್ಪಂದ ಮುರಿಯಿತು. ಅಷ್ಟಕ್ಕೇ ನಿಲ್ಲದೆ, ಜುಲೈ ೩೧ರಂದು ಆತನನ್ನು ಅಮಾನತಿನಲ್ಲಿಡುವಂತೆ ಕ್ಲಬ್ಬು ಬೆಲ್ಜಿಯಂ ಸಂಸ್ಥೆಯನ್ನು ಕೇಳಿಕೊಂಡಿತು. ಇಪ್ಪತ್ತೈದರ ಪ್ರಾಯದ ಆಟಗಾರನಿಗೆ ಆಡಲು ಅಂಗಳವೇ ಇಲ್ಲವಾಯಿತು. ಆಗಸ್ಟ್ ೮ರಂದು ಆತನು ನ್ಯಾಯಾಲಯದ ಮೆಟ್ಟಿಲು ಹತ್ತಿದನು.

ಕೆಳಗಿನ ನ್ಯಾಯಾಲಯದಿಂದ ಲಕ್ಸೆಂಬರ್ಗಿನ ಯೂರೋಪಿಯನ್ ನ್ಯಾಯಾಲಯವನ್ನು ದಾಟಿ ತೀರ್ಪು ಬರಲು ಐದು ವರ್ಷಗಳು ಹಿಡಿದವು. ಮಧ್ಯಂತರ ಆಜ್ಞೆಯೇನೋ ಆತನಿಗೆ ಬೇರೆಡೆ ಆಡುವ ಸ್ವಾತಂತ್ರ್ಯ ಕೊಟ್ಟಿತು. ಆದರೆ ಕರೆಯುವವರು ಯಾರು? ಫ್ರಾನ್ಸಿನ ಸಾಂ-ಕಾಂತಾಂ ಕ್ಲಬ್ಬಿನಲ್ಲಿ ಒಂದು ಋತು. ಅನಂತರ ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪ. ಅಲ್ಲಿಂದ ಮರಳಿ ೧೯೯೩ರಲ್ಲಿ ಬೆಲ್ಜಿಯಂನ ಮೂರನೆಯ ದರ್ಜೆಯ ಶಾರ್ಲರುವಾ ಒಲಿಂಪಿಕ್. ಆತನನ್ನು ತೆಗೆದುಕೊಳ್ಳಬಹುದಾಗಿದ್ದ ಕ್ಲಬ್ಬುಗಳೆಲ್ಲ ಬಹಿಷ್ಕಾರ ಹಾಕಿದಂತೆ ಬಲವಾದ ಸಂದರ್ಭಸಾಕ್ಷ್ಯವಿದೆಯೆಂದು ಬೆಲ್ಜಿಯಂ ನ್ಯಾಯಾಲಯವೇ ಹೇಳಿತು. ಕಾಲಿನಲ್ಲಿ ಶಕ್ತಿಯಿದ್ದ ದಿನಗಳು ಕಡತಗಳ ನಡುವೆ ಸವೆದುಹೋದವು. ಆ ಕಾಲದಲ್ಲಿ ಆತನು ತಂದೆತಾಯಿಗಳ ಮನೆಯ ಗ್ಯಾರೇಜಿನಲ್ಲಿ ವಾಸಿಸಬೇಕಾಯಿತು.

೧೯೯೫ರ ಡಿಸೆಂಬರ್ ೧೫ರಂದು ತೀರ್ಪು ಹೊರಬಿತ್ತು. ಆಟಗಾರನೂ ಒಬ್ಬ ಕಾರ್ಮಿಕನೇ. ಕಾರ್ಮಿಕನಿಗೆ ಯೂರೋಪಿಯನ್ ಒಕ್ಕೂಟದೊಳಗೆ ಇಷ್ಟಬಂದಲ್ಲಿ ದುಡಿಯುವ ಹಕ್ಕುಂಟು. ಕರಾರು ಮುಗಿದವನು ಒಕ್ಕೂಟದ ಮತ್ತೊಂದು ದೇಶದ ಕ್ಲಬ್ಬಿಗೆ ಹೋಗುವಾಗ ಹಳೆಯ ಕ್ಲಬ್ಬು ಹಣ ಕೇಳುವುದು ಆ ಹಕ್ಕಿಗೆ ವಿರುದ್ಧ. ಒಕ್ಕೂಟದ ಪ್ರಜೆಗಳಿಗೆ ಪರದೇಶೀಯರೆಂಬ ಮಿತಿ ಹೇರುವುದೂ ಸಲ್ಲದು. ಅಂದಿನವರೆಗೆ ಯೂರೋಪಿನ ಪಂದ್ಯಗಳಲ್ಲಿ ಮೂವರು ಪರದೇಶೀಯರು, ಜೊತೆಗೆ ಆ ದೇಶದಲ್ಲಿಯೇ ಬೆಳೆದ ಇಬ್ಬರು ಎಂಬ ಕಟ್ಟಳೆಯಿತ್ತು. ಆ ಲೆಕ್ಕವನ್ನು ಸರಿದೂಗಿಸಲೆಂದೇ ೧೯೯೪ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವು ತನ್ನ ಖ್ಯಾತ ಗೋಲ್‌ಕೀಪರ್ ಪೀಟರ್ ಶ್ಮೈಕೆಲ್‌ನನ್ನು ಕೈಬಿಟ್ಟು, ಬಾರ್ಸಿಲೋನಾದಲ್ಲಿ ೪–೦ರಿಂದ ಸೋತಿತ್ತು!

ತೀರ್ಪಿನ ಫಲ ಬೇಗನೆ ಕಾಣಿಸಿತು. ೧೯೯೫ರ ಮೇ ತಿಂಗಳಲ್ಲಿ ಮಿಲಾನನ್ನು ಮಣಿಸಿ ಯೂರೋಪಿನ ಕಿರೀಟ ಧರಿಸಿದ್ದ ಹಾಲೆಂಡಿನ ಅಯಾಕ್ಸ್ ತಂಡದಿಂದ ಎಡ್ಗರ್ ಡೇವಿಡ್ಸ್ ಮರುವರ್ಷವೇ ಅದೇ ಮಿಲಾನಿಗೆ ವರ್ಗಾವಣೆಯ ಹಣವಿಲ್ಲದೆ ಹೋದನು. ೧೯೯೯ರ ಡಿಸೆಂಬರ್ ೨೬ರಂದು ಲಂಡನ್ನಿನ ಚೆಲ್ಸೀ ತಂಡವು ಮೊದಲ ಹನ್ನೊಂದರಲ್ಲಿ ಒಬ್ಬ ಬ್ರಿಟಿಷನೂ ಇಲ್ಲದೆ ಕಣಕ್ಕಿಳಿಯಿತು. ಹುಡುಗರನ್ನು ಬೆಳೆಸಿ ಬಾಳುತ್ತಿದ್ದ ಸಣ್ಣ ಕ್ಲಬ್ಬುಗಳಿಗೆ ಇದರಿಂದ ನಷ್ಟವಾಯಿತು, ಸಿರಿವಂತ ಕ್ಲಬ್ಬುಗಳು ಇನ್ನಷ್ಟು ಕೊಬ್ಬಿದವು ಎಂಬ ಆಕ್ಷೇಪವುಂಟು. ಅದರಲ್ಲಿ ಸತ್ಯಾಂಶವೂ ಉಂಟು. ಆದರೆ ಆ ದೋಷಕ್ಕೆ ಪರಿಹಾರವು ಆಟಗಾರನನ್ನು ಮತ್ತೆ ಕಟ್ಟಿಹಾಕುವುದಲ್ಲ.

ಮತ್ತೆ, ಗೆದ್ದವನಿಗೆ ದೊರೆತುದೇನು? ತೀರ್ಪು ಬಂದಾಗ ಬಾಸ್ಮನ್‌ಗೆ ಮೂವತ್ತೊಂದು ವರ್ಷ. ಆಟದ ಬಾಳು ಮುಗಿದಂತೆಯೇ ಇತ್ತು. ಕೈಸೇರಿದ ಪರಿಹಾರಧನ ಬಹುಕಾಲ ನಿಲ್ಲಲಿಲ್ಲ. ಖಿನ್ನತೆಗೂ ಮದ್ಯಕ್ಕೂ ಈಡಾಗಿ, ಅವುಗಳಿಂದ ಪಾರಾಗಲು ಹೆಣಗಿದುದನ್ನು ಆತನೇ ಪತ್ರಿಕೆಗಳ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡನು.

ಮಧ್ಯಪಂಕ್ತಿಯವನ ಧರ್ಮವೇ ಅದಲ್ಲವೆ? ಕಾದಾಡಿ ಚೆಂಡನ್ನು ಗಳಿಸಬೇಕು. ಗಳಿಸಿದುದನ್ನು ಮುಂದಿನವನಿಗೆ ದಾಟಿಸಬೇಕು. ಗೋಲಿನ ಸಂಭ್ರಮವನ್ನು ದೂರದಿಂದಲೇ ನೋಡಬೇಕು. ಮೈದಾನದಲ್ಲಿ ಕಲಿತ ಆ ಪಾಠವನ್ನು ಬಾಸ್ಮನ್ ಬಾಳಿನಲ್ಲಿಯೂ ಆಡಿ ತೋರಿಸಿದನು.