ಮುಪ್ಪಾದ ಮರದ ಸಾಕ್ಷಿ

ದುರ್ಗಸಿಂಹನ ಪಂಚತಂತ್ರದಲ್ಲಿ ಆಲದ ಮರವನ್ನು ಸಾಕ್ಷಿಯಾಗಿ ಕರೆಯುವ ಕಥೆ ಸಾಹಿತ್ಯಾಸಕ್ತರಿಗೆ ಅಪರಿಚಿತವಲ್ಲ. ಪೊಟರೆಯಲ್ಲಿ ಅಡಗಿದ ಮುದುಕ ಮರದ ಹೆಸರಿನಲ್ಲಿ ಸುಳ್ಳು ನುಡಿಯುತ್ತಾನೆ. ಈ ಕಥೆಯನ್ನು ಹಲವು ವರ್ಷ ಪಾಠ ಹೇಳಿದ ನನಗೆ ಈಗ ಅದರ ಇನ್ನೊಂದು ಅಂಶ ಮುಖ್ಯವೆನಿಸುತ್ತದೆ: ಮನುಷ್ಯನೊಬ್ಬ ಅಡಗುವಷ್ಟು ಟೊಳ್ಳಾಗಿದ್ದರೂ ಆ ಮರ ನಿಂತಿತ್ತು. ಇಂದು ನಾವಾದರೋ ಪೊಟರೆ ಕಂಡೊಡನೆ ಕೊಡಲಿಯನ್ನು ನೆನೆಯುತ್ತೇವೆ.

ಭಯ ನಿರಾಧಾರವೇನಲ್ಲ. ಮಳೆಗಾಳಿಗೆ ಮರವುರುಳಿ ಜೀವಹಾನಿಯಾಗುವುದುಂಟು. ಆದರೆ ಟೊಳ್ಳೆಂದರೆ ಸಾವಲ್ಲ. ಮರದ ಉಸಿರಿರುವುದು ತೊಗಟೆಯ ಅಡಿಯ ತೆಳುಪದರದಲ್ಲಿ. ನಡುವಿನ ಚೇಗು ನಿರ್ಜೀವವಾದ ಆಸರೆ ಮಾತ್ರ. ದೇವನಹಳ್ಳಿಯ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆನಿಸಿತು. ಅಲ್ಲಿಯ ಎಷ್ಟೋ ಹಳೆಯ ಮರಗಳ ಒಡಲು ಟೊಳ್ಳು. ಚಿಗುರು ಮಾತ್ರ ನಿಂತಿಲ್ಲ. ಹೌರಾ ಸಸ್ಯೋದ್ಯಾನದ ಮಹಾ ಆಲದ ರೋಗಗ್ರಸ್ತ ಮೂಲಕಾಂಡವನ್ನು 1925ರಲ್ಲಿ ತೆಗೆದರು. ಬಿಳಲುಗಳ ಬಲದಿಂದ ಅದು ಇಂದಿಗೂ ಹಬ್ಬಿ ನಿಂತಿದೆ.

ಹಾಗಾದರೆ ಪರೀಕ್ಷೆ ಹೇಗೆ? ಬಲ್ಲವರು ಮೊದಲು ಬುಡವನ್ನು ನೋಡುತ್ತಾರೆ. ಚರಂಡಿಗಾಗಿ ಕಡಿದ ಬೇರು, ಕಾಂಡಕ್ಕೆ ತಾಗುವಂತೆ ಬಳಿದ ಸಿಮೆಂಟು, ಬುಡದಲ್ಲೆದ್ದ ಅಣಬೆ, ವಾಲಿದ ಮರದ ಹಿಂಬದಿಯಲ್ಲಿ ಬಿರಿದ ನೆಲ, ಇವೆಲ್ಲ ಎಚ್ಚರಿಕೆಯ ಗುರುತುಗಳು. ಬಳಿಕ ಕೊಡತಿಯಿಂದ ಕಾಂಡವನ್ನು ಬಡಿದು ಸದ್ದನ್ನು ಆಲಿಸುತ್ತಾರೆ. ಸಂಶಯವಿದ್ದರೆ ಧ್ವನಿತರಂಗದ ಉಪಕರಣದಿಂದ ಒಳಗಿನ ಟೊಳ್ಳನ್ನು ಅಳೆಯುತ್ತಾರೆ. ಉಳಿದ ಗಟ್ಟಿ ಗೋಡೆಯ ದಪ್ಪ ಕಾಂಡದ ತ್ರಿಜ್ಯದ ಶೇಕಡಾ 30ಕ್ಕಿಂತ ಕಡಿಮೆಯಾದರೆ ಮುರಿಯುವ ಸಂಭವ ಹೆಚ್ಚೆಂದು ಜರ್ಮನಿಯ ವಿಜ್ಞಾನಿ ಕ್ಲಾಸ್ ಮ್ಯಾಥೆಕ್ ಸೂಚಿಸಿದ್ದಾರೆ. ಇದು ದಾರಿ ತೋರುವ ಲೆಕ್ಕವೇ ಹೊರತು ಅಂತಿಮ ತೀರ್ಪಲ್ಲ.

ಮರದಷ್ಟೇ ಮುಖ್ಯವಾದುದು ಅದರ ನೆರಳು. ಬಯಲಿನಲ್ಲಿ ಒಣಕೊಂಬೆ ಬಿದ್ದರೆ ಅದು ಸೌದೆ. ಶಾಲೆಯ ಬಾಗಿಲಲ್ಲಿ ಬಿದ್ದರೆ ದುರಂತ. ಆದುದರಿಂದ ಒಣಕೊಂಬೆಯನ್ನು ಸವರುವುದು, ಭಾರದ ರೆಂಬೆಗೆ ಊರೆಗೋಲು ಕೊಡುವುದು, ಬುಡದ ಸಿಮೆಂಟನ್ನು ಬಿಡಿಸುವುದು, ಕೆಳಗಿನ ಕಲ್ಲುಬೆಂಚನ್ನೋ ಬಸ್ಸು ನಿಲ್ದಾಣವನ್ನೋ ಆಚೆಗೆ ಸರಿಸುವುದು, ಇವಿಷ್ಟನ್ನೂ ಯೋಚಿಸಿದ ಮೇಲೆಯೇ ಕೊಡಲಿಯ ಮಾತು. ಯಾವುದೂ ಸಾಲದೆಂದು ಪರೀಕ್ಷೆ ತೋರಿಸಿದರೆ ಕಡಿಯಲೇಬೇಕು; ಮನುಷ್ಯನ ಪ್ರಾಣ ದೊಡ್ಡದು.

ನೂರಾರು ವರ್ಷ ಬಾಳಿದ ಮರಕ್ಕೆ ಅರ್ಧ ದಿನದ ವಿಚಾರಣೆಯಾದರೂ ಸಲ್ಲಬೇಡವೆ? ಕಥೆಯಲ್ಲಿ ಮರದ ಹೆಸರಿನಲ್ಲಿ ಬೇರೆಯವನು ನುಡಿದ. ನಾವು ಮರವೇ ತೋರುವ ಗುರುತುಗಳನ್ನು ಓದಿ ತೀರ್ಮಾನಿಸೋಣ.