ಟಿಪ್ಪೂ ಸುಲ್ತಾನನ ಹಡಗುಪಡೆ

ಮೈಸೂರಿನ ಯುದ್ಧಗಳ ಇಸವಿಗಳನ್ನು ನಮ್ಮ ವಿದ್ಯಾರ್ಥಿನಿಯರು ತಪ್ಪದೆ ಒಪ್ಪಿಸುವರು. ಆ ಯುದ್ಧಗಳ ನಡುವಣ ವರುಷಗಳಲ್ಲಿ ನಡೆದುದೇನೆಂದು ಕೇಳಿದರೆ ಸುಮ್ಮನಾಗುವರು. ಸಮುದ್ರಕ್ಕೆ ಬಹುದೂರದಲ್ಲಿರುವ ಈ ಗೋವಿಂದರಾಜನಗರದ ಬಾಲಿಕೆಯರಿಗಾಗಿ, ಅಂಥ ವರುಷಗಳಲ್ಲಿ ಹಡಗುಪಡೆಯನ್ನು ಕಟ್ಟಲು ಮೈಸೂರು ಪಟ್ಟ ಪಾಡನ್ನು ತಿಳಿಸುವೆವು.

೧೭೬೩ರಲ್ಲಿ ಬಿದನೂರು ಹೈದರಾಲಿಯ ಕೈಸೇರಲು ಮಂಗಳೂರು, ಹೊನ್ನಾವರಗಳ ರೇವುಗಳೂ ಅವನವಾದುವು. ಅವನು ಹಡಗುಗಳನ್ನು ಕಟ್ಟಿಸಿದನು; ಆದರೆ ಅವುಗಳ ಮೇಲೆ ಕುದುರೆದಂಡಿನ ಸರದಾರನೊಬ್ಬನನ್ನು ನೇಮಿಸಿದನು. ಇದರಿಂದ ಮುನಿದ ನಾವಿಕರು ೧೭೬೮ರಲ್ಲಿ ಮುಂಬಯಿಯಿಂದ ಬಂದ ಇಂಗ್ಲಿಷರ ಪಕ್ಷ ಸೇರಿದರು. ಮರಳಿ ಕಟ್ಟಿಸಿದ ಹಡಗುಗಳನ್ನು ೧೭೮೦ರಲ್ಲಿ ಅಡ್ಮಿರಲ್ ಹ್ಯೂಸನು ಮಂಗಳೂರಿನಲ್ಲಿಯೇ ನಾಶಮಾಡಿದನು.

ಮಗನಾದ ಟಿಪ್ಪುವಿಗೆ ಒದಗಿದ ಕಾಲವು ಇನ್ನೂ ಕಠಿನವಾದದ್ದು. ೧೭೯೨ರ ಶ್ರೀರಂಗಪಟ್ಟಣದ ಸಂಧಾನದಂತೆ ಅರ್ಧರಾಜ್ಯವು ಹೋಯಿತು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿದ್ದಿತು. ಎಳೆಯ ಮಕ್ಕಳಿಬ್ಬರು ಒತ್ತೆಯಾಗಿ ಹೋಗಿ ೧೭೯೪ರಲ್ಲಿ ಮರಳಿದರು. ಹೀಗೆ ಬೊಕ್ಕಸ ಬರಿದಾಗಿದ್ದರೂ ೧೭೯೬ರಲ್ಲಿ ಅವನು ಹೊಸ ಹುಕುಮನ್ನು ಹೊರಡಿಸಿದನು. ಸುಮಾರು ನಲವತ್ತು ಯುದ್ಧದ ಹಡಗುಗಳು, ಅವುಗಳಲ್ಲಿ ಅರ್ಧದಷ್ಟು ಎಪ್ಪತ್ತೆರಡು ಫಿರಂಗಿಗಳವು. ಮಂಗಳೂರು, ಸದಾಶಿವಗಡಗಳ ಬಳಿ ಹಡಗುಕಟ್ಟೆಗಳು. ಹನ್ನೊಂದು ಮಂದಿ ಮೀರ್ ಯಮ್ಮರು, ಅವರ ಕೈಕೆಳಗೆ ಮೂವತ್ತು ಮಂದಿ ಮೀರ್ ಬಹರರು!

ಇದನ್ನು ಹುಚ್ಚು ಹಂಬಲವೆಂದು ನಗುವವರುಂಟು. ನಾವು ನಗಲಾರೆವು. ವೈರಿಯು ಮೂರು ಯುದ್ಧಗಳಲ್ಲಿಯೂ ಕರಾವಳಿಗೆ ಸಮುದ್ರದ ಬಾಗಿಲಿನಿಂದಲೇ ಬಂದಿದ್ದನು.

ಘಟ್ಟದಲ್ಲಿ ತೇಗಕ್ಕೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ಹಣಕ್ಕೆ, ಜನಕ್ಕೆ, ನೀರಿನ ಆಳಕ್ಕೆ. ಇಂಗ್ಲೆಂಡಿನಲ್ಲಿ ಅಂಥ ದೊಡ್ಡ ಹಡಗೊಂದಕ್ಕೆ ಸುಮಾರು ಎರಡು ಸಾವಿರ ಓಕ್ ಮರಗಳೂ, ಅದನ್ನು ನಡೆಸಲು ಐನೂರಕ್ಕೆ ಮೇಲ್ಪಟ್ಟ ನಾವಿಕರೂ ಬೇಕಾಗುತ್ತಿದ್ದರು. ಇಪ್ಪತ್ತು ಹಡಗುಗಳಿಗೆ ಹತ್ತು ಸಾವಿರ ಮಂದಿ! ಭೂದಂಡಿನ ಸಂಬಳವನ್ನೇ ಪ್ರಯಾಸದಿಂದ ಹೊಂದಿಸುವ ರಾಜ್ಯವು ಇವರನ್ನು ಎಲ್ಲಿಂದ ತಂದೀತು? ಮೇಲಾಗಿ ನೇತ್ರಾವತಿ, ಗುರುಪುರ ಹೊಳೆಗಳು ಕೂಡುವ ಮಂಗಳೂರಿನ ಅಳಿವೆಯಲ್ಲಿ ಮರಳಿನ ದಿಣ್ಣೆಗಳಿದ್ದುವು. ಅಷ್ಟು ದೊಡ್ಡ ಹಡಗು ಅವನ್ನು ದಾಟುವುದು ದುಸ್ತರವಾಗಿದ್ದಿತು.

ಮೂರು ವರುಷಗಳು ತುಂಬುವುದರೊಳಗೆ, ೧೭೯೯ರ ಮೇ ೪ರಂದು, ಸುಲ್ತಾನನು ಕೋಟೆಯಲ್ಲಿ ಮಡಿದನು. ಕನ್ನಡ ಕರಾವಳಿಯು ಕಂಪೆನಿಯ ವಶವಾಯಿತು. ೧೮೧೦ರಲ್ಲಿ ಮುಂಬಯಿಯ ಹಡಗುಕಟ್ಟೆಯಲ್ಲಿ ಪಾರಸಿ ಶಿಲ್ಪಿಯಾದ ಜಮ್‌ಶೇಟ್‌ಜಿ ಬೊಮನ್‌ಜಿ ವಾಡಿಯಾ ಎಂಬಾತನು ಎಪ್ಪತ್ತನಾಲ್ಕು ಫಿರಂಗಿಗಳ ಹಡಗೊಂದನ್ನು ತೇಗದಿಂದಲೇ ಕಟ್ಟಿ ನೀರಿಗಿಳಿಸಿದನು. ಅದು ಇಂಗ್ಲೆಂಡಿನ ಅರಸನ ಹಡಗುಪಡೆಗೆ ಸೇರಿದ ಮಿಂಡನ್ ಎಂಬ ಹಡಗು.